ಓಣಿಗೆಲ್ಲ ಒಂದೇ ಬಾಯಿ

ಇದರಲ್ಲಿ ಮೂರ್ಖ ಯಾರು ಎಂದು ನೀವು ಕೊನೆಯವರೆಗೆ ಹುಡುಕುವುದು ಬೇಡ, ಇಲ್ಲೇ ಹೇಳಿಬಿಡುತ್ತೇನೆ: ನಾನು. ಹೊಳೆಮಣ್ಣೂರಿನ ಒಂದು ಓಣಿಯ ಜನ ಏನೆನ್ನುತ್ತಾರೆ ಕೇಳಿಕೊಂಡು ಬಾ ಎಂದು ಕಳಿಸಿದರೆ, ಮೊದಲನೆಯ ಮನೆಯ ಮುದುಕಿಯ ಮಾತನ್ನು ಆಕೆಯದೇ ದನಿಯಲ್ಲಿ, ಆಕೆಯ ಕೈಬೀಸಿನ ಸಮೇತ ಓಣಿಗೆಲ್ಲ ಹಂಚಿ, ಅದನ್ನೇ ತಿರುಗಿ ಮನೆಮನೆಯಿಂದ ವಸೂಲು ಮಾಡಿಕೊಂಡು ಬಂದವನು ನಾನು. ಅದಕ್ಕೆ ಸಂಶೋಧನೆ ಎಂದು ಹೆಸರಿಟ್ಟು, ಕೋಷ್ಟಕ ಎಳೆದು, ಬಣ್ಣದ ರೊಟ್ಟಿಯಂಥ ಚಿತ್ರವನ್ನೂ ಕಂಪ್ಯೂಟರಿನಿಂದ ತೆಗೆದು, ನಗುನಗುತ್ತ ಅಕ್ಕೋರ ಮೇಜಿನ ಮೇಲೆ ಇಟ್ಟವನೂ ನಾನೇ.

ಅಕ್ಕೋರು ಎಂದರೆ ರೋಣದಲ್ಲಿ ನಮ್ಮ ಎಂ.ಎ. ತರಗತಿಗೆ ಸಮಾಜಶಾಸ್ತ್ರ ಕಲಿಸುತ್ತಿದ್ದವರು. ಇಂಥವರನ್ನು ಬೇರೆ ಕಡೆ ಮೇಡಂ ಎನ್ನುತ್ತಾರೆ. ಇವರು ನೌಕರಿ ಶುರು ಮಾಡಿದ್ದು ಕನ್ನಡ ಶಾಲೆಯಲ್ಲಿ. ಅಲ್ಲಿ ಅಂಟಿದ "ಅಕ್ಕೋರು" ಅವರ ಜೊತೆಗೇ ಬಡ್ತಿ ಪಡೆಯುತ್ತ ಎಂ.ಎ. ತರಗತಿಯವರೆಗೂ ಬಂತು. ಹೋದ ತಿಂಗಳು ನಿವೃತ್ತರಾದರು. ಬೀಳ್ಕೊಡುವ ಸಮಾರಂಭದಲ್ಲಿ ಅವರ ಮಿಮಿಕ್ರಿ ಮಾಡು ಎಂದು ಹುಡುಗರು ನನ್ನನ್ನು ವೇದಿಕೆಗೆ ದಬ್ಬಿದರು. ಹತ್ತಿದೆ, ಮೈಕು ಹಿಡಿದೆ, ಬಾಯಿ ತೆರೆದೆ, ದನಿ ಬರಲಿಲ್ಲ. ಕಂಡಕ್ಟರು, ಮಂತ್ರಿ, ನಮ್ಮಪ್ಪ, ಕೋಣ, ಕುಕ್ಕರು ಎಲ್ಲವನ್ನೂ ಮಾಡುವ ನಾನು ಅವತ್ತು ಕೆಮ್ಮಿ ಕೆಳಗಿಳಿದೆ. ಆಡಿ ತೋರಿಸಲಾಗದ್ದನ್ನು ಬರೆಯುತ್ತೇನೆ ಎಂದು ಅನುಮತಿ ಕೇಳಿದ್ದಕ್ಕೆ ಅವರದೊಂದು ಷರತ್ತು ಬಂತು.

"ಬರಿ. ಹೆಸರು ಮಾತ್ರ ಹಾಕಬ್ಯಾಡ. 'ನಿಮ್ಮ ಹೆಸರು ಎಲ್ಲೂ ಹೇಳೂದಿಲ್ಲರಿ' ಅಂತ ಮಂದಿ ಮನಿಗೆ ಹೋಗಿ ಆಣಿ ಮಾಡಕೋತ ತಿರಗೇನಿ ಇಷ್ಟು ವರ್ಷ. ಈಗ ಮಾಹಿತಿ ಕೊಡಾಕಿ ನಾ ಆಗೇನಿ. ನನಗೊಂದು ಬ್ಯಾರೆ ಕಾಯ್ದೆ ಏನು?"

ಹೀಗಾಗಿ ಹೆಸರಿಲ್ಲ.

ಅವರ ಮುಖ್ಯ ಆಯುಧ "ಮತ್ತ?" ಎಂಬ ಒಂದು ಪ್ರಶ್ನೆ. ನೀವು ಏನೇ ಹೇಳಿ, ಪೂರ್ತಿ ಕೇಳಿಸಿಕೊಂಡು, ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತ "ಮತ್ತ?" ಎನ್ನುವರು. ಆಮೇಲೆ ಸುಮ್ಮನೆ ಕೂಡುವರು. ಗಜೇಂದ್ರಗಡದ ನಮ್ಮ ಗೆಳೆಯನೊಬ್ಬನನ್ನು ಕ್ಲಾಸಿಗೆ ಏಕೆ ಬಂದಿಲ್ಲ ಎಂದು ಕೇಳಿದರು. "ಜ್ವರ ಬಂದಿತ್ರಿ" ಎಂದ. "ಮತ್ತ?" ಎಂದರು. "ಕೆಮ್ಮೂ ಇತ್ರಿ." ಕನ್ನಡಕ ಒರೆಸಿದರು. "ಅಕ್ಕನ ಮನಿಗೂ ಹೋಗಿದ್ನಿರಿ." ಒರೆಸುತ್ತಲೇ ಇದ್ದರು. ಕಡೆಗೆ ಅವನು ಕ್ರಿಕೆಟ್ ಆಡಲು ಹೋಗಿದ್ದು, ಮೊದಲ ಚೆಂಡಿಗೇ ಔಟಾಗಿದ್ದು, ಔಟಲ್ಲ ಎಂದು ಬ್ಯಾಟು ಕಂಕುಳಲ್ಲಿಟ್ಟುಕೊಂಡು ಮನೆಗೆ ಓಡಿದ್ದು ಎಲ್ಲ ಹೊರಬಿತ್ತು. ಅವರು ಕೇಳಿದ್ದು ಜ್ವರವನ್ನಷ್ಟೇ.

ಇಷ್ಟು ಗಟ್ಟಿ ಹೆಂಗಸು, ಆದರೆ ಭಾರಿ ಅಂಜುಬುರುಕಿ. ಕೋಣೆಗೆ ಬೀಗ ಹಾಕಿ ಜಗ್ಗಿ ನೋಡುವರು. ಮೆಟ್ಟಿಲಿಳಿದು, ಮತ್ತೆ ಹತ್ತಿ ಬಂದು ಜಗ್ಗುವರು. ನಮ್ಮನ್ನು ಹಳ್ಳಿಗೆ ಕಳಿಸಿದ ದಿನ ಫೋನು ಬಿಡುವುದೇ ಇಲ್ಲ. "ಮುಟ್ಟಿದ್ರ್ಯಾ? ನೀರು ಕುಡದ್ರ್ಯಾ? ಆ ಓಣ್ಯಾಗ ನಾಯಿ ಅದಾವೇನು? ಕಟ್ಟಿದ್ದೋ ಬಿಟ್ಟಿದ್ದೋ?" ನಾಯಿಗಳ ಬಗೆಗಿನ ಅವರ ಪ್ರಶ್ನಾವಳಿ ನಮ್ಮದಕ್ಕಿಂತ ದೊಡ್ಡದು. ನಾವು ತಂದ ಮಾಹಿತಿಯನ್ನೂ ಅವರು ಬೀಗದ ಹಾಗೆಯೇ ನೋಡುತ್ತಿದ್ದರು. ಚಂದ ಕಂಡರೆ ಇನ್ನೊಮ್ಮೆ ಜಗ್ಗುವರು.

ಅವರ ಎದುರಿನ ಕುರ್ಚಿ ಅಂಕಿ ಸರ್ ಅವರದು. ಇವರೂ ನಮ್ಮ ಪ್ರಾಧ್ಯಾಪಕರೇ, ದಿನಾ ಚಿಕ್ಕನರಗುಂದದಿಂದ ಬಸ್ಸಿಗೆ ಬರುವವರು. ಹೆಸರು ನಾವಿಟ್ಟದ್ದು. ಚಹಾ ಹ್ಯಾಂಗೈತ್ರಿ ಸರ್ ಎಂದರೆ "ಹತ್ತಕ್ಕ ಆರು" ಎನ್ನುವರು. ಹೆಂಡತಿ ಊರಿಗೆ ಹೋದ ದಿನ ಅದೇ ಚಹಾ ಹತ್ತಕ್ಕೆ ಎಂಟು ಆಗುತ್ತಿತ್ತು. ಈ ಇಬ್ಬರ ಜಗಳ ಕೇಳಲೆಂದೇ ನಾನು ಸ್ಟಾಫ್ ರೂಮಿನ ಬಾಗಿಲಲ್ಲಿ ಸಹಿ ಬೇಕೆಂಬ ನೆಪ ಹಿಡಿದು ನಿಲ್ಲುತ್ತಿದ್ದೆ.

"ಅಲ್ರಿ ಮೇಡಂ, ಒಬ್ಬಾಕಿ ಮುದುಕಿ ಕೂಡ ದಿನಗಟ್ಲೆ ಕುಂತು ಮಾತಾಡ್ತೀರಿ. ಒಬ್ಬಾಕಿ ಅಂದದ್ದು ಊರು ಅಂದಂಗ ಆಕೈತೇನ್ರಿ?"

"ನೀವು ಊರಿಗೇ ಕೇಳ್ತೀರಲ್ಲರಿ ಸರ್. ಊರು ಹ್ಞೂಂ ಅಂತು ಅಂತ ಇಟಗೋರಿ. ಯಾಕ ಹ್ಞೂಂ ಅಂತು ಅನ್ನೂದು ಯಾರನ್ನ ಕೇಳ್ತೀರಿ?"

"ಅದಕ್ಕೂ ಒಂದು ಕಾಲಂ ಹಾಕೂಣು."

"ಹಾಕ್ರಿ. ಕಡೀಕ 'ಇತರೆ' ಅಂತ ಒಂದು ಬಿಡ್ರಿ. ಎಲ್ಲಾರೂ ಅದರಾಗ ಬಿದ್ದು ಸಾಯ್ತಾರ."

ಜಗಳ ಮುಗಿದ ಮೇಲೆ ಇಬ್ಬರೂ ಒಂದೇ ಡಬ್ಬಿಯ ಚುರುಮುರಿ ತಿನ್ನುವರು.

ಎಣಿಸುವ ವಿಧಾನ, ಮಾತಾಡಿಸುವ ವಿಧಾನ, ಎರಡನ್ನೂ ಬೆರೆಸುವ ವಿಧಾನ: ಪರಿಮಾಣಾತ್ಮಕ, ಗುಣಾತ್ಮಕ, ಮಿಶ್ರ ಎಂದು ಪುಸ್ತಕದಲ್ಲಿ ಪುಟಗಟ್ಟಲೆ ಇರುವುದನ್ನು ಅವರಿಬ್ಬರೂ ಸೇರಿ ನಮಗೆ ಬಸ್ಸಿನಲ್ಲಿ ಕಲಿಸಿದರು. ಗಜೇಂದ್ರಗಡದಿಂದ ಸೂಡಿ ಮೇಲೆ ರೋಣಕ್ಕೆ ಬರುವ ಬಸ್ಸು. ಅರ್ಧ ಕ್ಲಾಸು ಬರೀ ಎಣಿಸಬೇಕು, ಬಾಯಿ ತೆರೆಯುವಂತಿಲ್ಲ. ಅರ್ಧ ಕ್ಲಾಸು ಬರೀ ಮಾತಾಡಿಸಬೇಕು, ಎಣಿಸುವಂತಿಲ್ಲ. ಎಣಿಸಿದವರು ಬಂದು ವರದಿ ಕೊಟ್ಟರು: ಸೀಟು ಖಾಲಿ ಇವೆ, ಜನ ನಿಂತಿದ್ದಾರೆ, ಆದ್ದರಿಂದ ಈ ಭಾಗದ ಜನರಿಗೆ ನಿಂತು ಪ್ರಯಾಣ ಮಾಡುವುದು ಇಷ್ಟ. ಮಾತಾಡಿಸಿದವರ ವರದಿ: ಸೀಟೇ ಸಿಗುವುದಿಲ್ಲ ಎಂದು ಎಲ್ಲರೂ ಬೈಯುತ್ತಿದ್ದಾರೆ, ಆದ್ದರಿಂದ ಬಸ್ಸು ತುಂಬಿ ತುಳುಕುತ್ತಿದೆ. ನಾನು ಮಾತಾಡಿಸುವ ಗುಂಪಿನವನು. ವರದಿಯ ಜೊತೆ ಕಂಡಕ್ಟರನ ದನಿಯನ್ನೂ ತಂದಿದ್ದೆ.

ಅಕ್ಕೋರು ಎಣಿಸಿದವರನ್ನು ಕೇಳಿದರು. "ಖಾಲಿ ಸೀಟಿನ ಮ್ಯಾಲ ಏನಿತ್ತು?"

"ಏನಿಲ್ರಿ. ಟವೆಲ್ ಇದ್ದುವು."

ಕ್ಲಾಸು ಹೋ ಎಂದು ನಕ್ಕಿತು. ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದು, ಬಸ್ಸು ಬಿಡುವವರೆಗೆ ಕೆಳಗೆ ಚಹಾ ಕುಡಿಯುತ್ತ ನಿಲ್ಲುವುದು ನಮ್ಮ ಕಡೆ ಹುಟ್ಟಿದ ಕೂಸಿಗೂ ಗೊತ್ತು. ನಾವೆಲ್ಲರೂ ದಿನಾ ಎಸೆಯುವವರೇ. ಆದರೂ ಎಣಿಸುವವರು ಅದನ್ನು ಖಾಲಿ ಎಂದು ಬರೆದಿದ್ದರು, ಮಾತಾಡಿಸುವವರು ಸೀಟಿನ ಕಡೆ ನೋಡಿಯೇ ಇರಲಿಲ್ಲ. ಅಕ್ಕೋರು ಸುಣ್ಣದ ಕಡ್ಡಿ ಕೆಳಗಿಟ್ಟರು. ಅಂಕಿ ಸರ್ ಮಾತ್ರ ಗಂಭೀರವಾಗಿ "ಟವೆಲ್ಲಿಗೂ ಒಂದು ಕಾಲಂ ಬೇಕು" ಎಂದು ಬರೆದುಕೊಂಡರು.

ಇಷ್ಟು ಕಲಿತ ಮೇಲೂ ನಾನು ಮಾಡಿದ್ದನ್ನು ಕೇಳಿ.

ಎಂ.ಎ. ಮುಗಿಯಬೇಕಾದರೆ ಒಂದು ಕಿರುಪ್ರಬಂಧ ಬರೆಯಬೇಕು, ಹೊರಗಿನಿಂದ ಬರುವ ಪರೀಕ್ಷಕರ ಮುಂದೆ ಕುಳಿತು ಅದನ್ನು ಸಮರ್ಥಿಸಬೇಕು, ಅದೇ ವೈವಾ. ಅಕ್ಕೋರು ನನ್ನ ಮಾರ್ಗದರ್ಶಕರು. ಅವರ ನಿವೃತ್ತಿಯೊಳಗೆ ಆಗದಿದ್ದರೆ ನನ್ನನ್ನು ಅಂಕಿ ಸರ್ ಕೈಗೆ ಒಪ್ಪಿಸುವುದು, ಹೊಸ ವಿಷಯ, ಹೊಸ ಕೋಷ್ಟಕ, ಇನ್ನೊಂದು ವರ್ಷ. ಹುಬ್ಬಳ್ಳಿಯ ಒಂದು ಸಂಸ್ಥೆಯವರು ಹಳ್ಳಿ ತಿರುಗುವ ಕೆಲಸಕ್ಕೆ ನನ್ನನ್ನು ಆರಿಸಿ, ಪಾಸಾದ ಕಾಗದ ತಂದರೆ ಸೇರಿಸಿಕೊಳ್ಳುತ್ತೇವೆ ಎಂದಿದ್ದರು. ಸೂಡಿಯಲ್ಲಿ ನಮ್ಮವ್ವ ಆಗಲೇ ಓಣಿಗೆಲ್ಲ ಹೇಳಿಯಾಗಿತ್ತು. ಬಾಯಿ ನನಗೆ ಎಲ್ಲಿಂದ ಬಂತು ಎಂದು ಇನ್ನು ಯಾರೂ ಕೇಳಬಾರದು.

ನನ್ನ ವಿಷಯ: ಅಣೆಕಟ್ಟಿನಿಂದ ಮಲಪ್ರಭೆಗೆ ನೀರು ಬಿಟ್ಟರೆಂಬ ಸುದ್ದಿ ಬಂದ ಮೇಲೆ ಹೊಳೆದಂಡೆಯ ಮನೆಯವರು ಯಾವಾಗ ಮನೆ ಬಿಡುತ್ತಾರೆ? ಮಿಶ್ರ ವಿಧಾನ. ಮೊದಲು ಪ್ರಶ್ನಾವಳಿ: ಸುದ್ದಿ ಬಂದ ಕೂಡಲೇ, ನೆರೆಯವರು ಹೊರಟಾಗ, ಓಣಿಗೆ ನೀರು ಬಂದಾಗ, ಮನೆ ಬಾಗಿಲಿಗೆ ನೀರು ಬಂದಾಗ, ಒಂದಕ್ಕೆ ಗುರುತು ಹಾಕುವುದು. ಆಮೇಲೆ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಮಾತಾಡಿಸುವುದು.

ಉಳಿದ ಓಣಿಗಳನ್ನು ಮುಗಿಸಿ ಕಡೆಗೆ ಬಂದದ್ದು ಹೊಳೆಗೆ ಅತ್ಯಂತ ಹತ್ತಿರದ ಓಣಿ, ಅದರ ಮೊದಲನೆಯ ಮನೆ. ಒಬ್ಬ ಅವ್ವ ಕಟ್ಟೆಯ ಮೇಲೆ ಮೊಣಕಾಲು ತಿಕ್ಕಿಕೊಳ್ಳುತ್ತ ಕುಳಿತಿದ್ದಳು. ಪ್ರಶ್ನೆ ಓದಿದೆ. ಆಕೆ ಹೊಳೆಯ ಕಡೆಗೆ, ಕೋಳಿಯನ್ನು ಹುಷ್ ಎನ್ನುವ ಹಾಗೆ ಕೈ ಬೀಸಿದಳು.

"ಹೊಳಿ ಬಂದು ನನ್ನ ಹೊಸ್ತಲಾ ಮುಟ್ಟಿ, 'ಯವ್ವಾ, ಏಳ್ತಿಯೇನಬೇ' ಅಂತ ಕೇಳಬೇಕು. ಆವಾಗ ಏಳ್ತೀನಿ. ಅಲ್ಲೀತನಾ ಈ ಮುದುಕಿ ಕಾಲು ಮಡಚಗೊಂಡು ಕುಂತಿರತಾಳ. ಬರ್ಕೋ!"

ನನಗೆ ಕುಣಿದಾಡುವಷ್ಟು ಖುಷಿಯಾಯಿತು. ಬರೆದುಕೊಂಡೆ. ಎರಡನೆಯ ಮನೆಯಲ್ಲಿ ಒಬ್ಬ ಹೆಣ್ಣುಮಗಳು ಬಾಗಿಲ ಮರೆಯಿಂದ "ನಮಗೇನ್ ಗೊತ್ತಾಗತೈತ್ರಿ, ಅವ್ರು ಹೊಲಕ್ಕ ಹೋಗ್ಯಾರ" ಎಂದಳು. ಬಾಯಿ ಬಿಡಿಸಲೆಂದು ನಾನು ಅವ್ವನನ್ನು ಆಡಿ ತೋರಿಸಿದೆ: ದನಿ, ಮೊಣಕಾಲು, ಹುಷ್. ಆಕೆ ಸೆರಗು ಬಾಯಿಗಿಟ್ಟು ನಕ್ಕಳು. ನಗು ಕೇಳಿ ಪಕ್ಕದ ಮನೆಯವರು ಬಂದರು. "ಏ, ಇನ್ನೊಮ್ಮಿ ಮಾಡಪಾ ತಮ್ಮಾ." ಮಾಡಿದೆ. "ಬರೋಬ್ಬರಿ ಹೇಳ್ಯಾಳ ನೋಡು ಮುದುಕಿ. ನಮ್ದೂ ಅದ ಬರ್ಕೋ." ಮೂರನೆಯ ಮನೆ, ನಾಲ್ಕನೆಯ ಮನೆ. ಕೊನೆಯ ಮನೆ ಮುಟ್ಟುವ ಹೊತ್ತಿಗೆ ನನ್ನ ಕೀರ್ತಿ ನನಗಿಂತ ಮುಂದೆ ಹೋಗಿತ್ತು. ಆ ಮನೆಯ ಯಜಮಾನ ಪ್ರಶ್ನೆ ಓದಲೇ ಬಿಡಲಿಲ್ಲ. "ಮೊದಲ ಆ ಹೊಸ್ತಲಾ ಮುಟ್ಟೂದು ಮಾಡಿ ತೋರಸು. ಆಮ್ಯಾಲ ನಾವೂ ಅದನ್ನ ಹೇಳ್ತೀವಿ" ಎಂದ.

ಮಾಹಿತಿದಾರರೊಂದಿಗೆ ಸೌಹಾರ್ದ ಬೆಳೆಸಿಕೊಳ್ಳಬೇಕು ಎಂದು ಪುಸ್ತಕದಲ್ಲಿದೆ. ನನ್ನಷ್ಟು ಸೌಹಾರ್ದ ಯಾರೂ ಬೆಳೆಸಿಲ್ಲ ಎಂದುಕೊಂಡು ಸೀಟಿ ಹೊಡೆಯುತ್ತ ಗಾಡಿ ಚಾಲೂ ಮಾಡಿದೆ.

ಕೋಷ್ಟಕವನ್ನು ಮೊದಲು ನೋಡಿದವರು ಅಂಕಿ ಸರ್. ಅಕ್ಕೋರ ಮೇಜಿನಿಂದ ಎತ್ತಿಕೊಂಡು, ಬೆರಳಿಟ್ಟು ಸಾಲು ಸಾಲಾಗಿ ನೋಡಿದರು.

"ತಮ್ಮಾ, ಈ ಓಣ್ಯಾಗಿನವ್ರು ಎಲ್ಲಾರೂ ಒಬ್ಬಾಕಿ ತಾಯಿ ಮಕ್ಕಳೇನು?"

"ಅಲ್ರಿ ಸರ್."

"ಉಳದ ಓಣ್ಯಾಗ ಮಂದಿ ಒಬ್ಬ ಹಿಂಗ, ಒಬ್ಬ ಹಂಗ ಅಂದಾರ. ಈ ಓಣಿ ಉದ್ದಕೂ ಒಂದ ಉತ್ತರ. ಪ್ರಾರ್ಥನಾಕ್ಕ ಸಾಲಿ ಹುಡುಗ್ರೂ ಇಷ್ಟು ನೆಟ್ಟಗ ನಿಂದ್ರೂದಿಲ್ಲ." ಅಕ್ಕೋರ ಕಡೆಗೆ ತಿರುಗಿದರು. "ಮೇಡಂ, ಈ ಕೋಷ್ಟಕ ಭಾಳ ಸ್ವಚ್ಛ ಐತಿ. ನನಗ ಅಂಜಿಕಿ ಬರಾಕತ್ತೈತಿ."

ಅಕ್ಕೋರು ಕನ್ನಡಕ ತೆಗೆದರು. ನಾನು "ಮತ್ತ?"ಗೆ ಕಾಯುತ್ತ ನಿಂತೆ. ಅದು ಬರಲಿಲ್ಲ. "ರೆಕಾರ್ಡಿಂಗ್ ಎಲ್ಲಾ ಕೊಟ್ಟು ಹೋಗು. ಶನಿವಾರ, ಐತವಾರ ಕುಂತು ಕೇಳ್ತೀನಿ" ಎಂದರು.

ಆ ಎರಡು ದಿನ ನನಗೆ ರೊಟ್ಟಿ ಇಳಿಯಲಿಲ್ಲ. ರೆಕಾರ್ಡಿಂಗಿನಲ್ಲಿ ಏನೇನಿದೆ ಎಂದು ನೆನಪು ಮಾಡಿಕೊಳ್ಳುತ್ತಲೇ ಇದ್ದೆ. ಮುದುಕಿಯನ್ನು ಆಡಿದ್ದು ಇದೆ. ಅದು ಹೋಗಲಿ. ಕೊನೆಯ ಮನೆಯಲ್ಲಿ "ನಿಮ್ಮ ಸಾಲ್ಯಾಗಿನವ್ರನ್ನೂ ಮಾಡಿ ತೋರಸಪಾ" ಎಂದು ಕೇಳಿದ್ದರು. ನಾನು ಫೋನು ಬಂದ್ ಮಾಡಿದ್ದೆನೋ ಇಲ್ಲವೋ? ನಮ್ಮವ್ವ "ಯಾಕೋ, ಬಾಯಿ ಬಿದ್ದೈತೇನು, ಒಂದು ಮಾತಿಲ್ಲ ಕಥಿಯಿಲ್ಲ" ಎಂದಳು. ಅಡಿಗೆಮನೆಯಲ್ಲಿ ಕುಕ್ಕರು ಕೂಗಿದರೆ ಅದರ ಜೊತೆ ಕೂಗುವ ಮಗ ಸುಮ್ಮನೆ ಕುಳಿತದ್ದು ಕಂಡು ಆಕೆಗೂ ಚಿಂತೆ ಹತ್ತಿತು.

ಸೋಮವಾರ ಇಬ್ಬರೂ ಕುಳಿತಿದ್ದರು. ಅಕ್ಕೋರು ಬಾಗಿಲು ಮುಂದೆ ಮಾಡಿಸಿ ಲ್ಯಾಪ್‌ಟಾಪಿನ ಗುಂಡಿ ಒತ್ತಿದರು. ಮುದುಕಿಯ ದನಿ ಕೇಳಿತು.

"ಇದು ಯಾರು?"

"ಆ ಅವ್ವಂದ್ರಿ."

"ಅವ್ವ ಮೊದಲನೇ ಮನ್ಯಾಗ ಇದ್ಲು. ಇದು ಕಡೀ ಮನಿ."

"...ನಂದ್ರಿ."

ಇನ್ನೊಮ್ಮೆ ಒತ್ತಿದರು. "ಮತ್ತ?" ಎಂದಿತು ಲ್ಯಾಪ್‌ಟಾಪು. ಹಿಂದೆ ಇಡೀ ಮನೆ ನಗುತ್ತಿತ್ತು.

"ಇದು?"

"ನಿಮ್ದ್ರಿ. ಅಂದ್ರ ನಂದ್ರಿ. ಅಂದ್ರ... ನಾ ಮಾಡಿದ್ದು ನಿಮ್ದ್ರಿ."

"ಚಲೋ ಬಂದೈತಿ" ಎಂದರು ಅಕ್ಕೋರು, ಮುಖ ಬಿಗಿದುಕೊಂಡೇ. "ಆದ್ರ ನಾ ಅಷ್ಟು ಮೂಗಿನಾಗ ಅನ್ನೂದಿಲ್ಲ."

"ಅಂತೀರಿ ಮೇಡಂ" ಎಂದರು ಅಂಕಿ ಸರ್.

ನಗಬೇಕೋ ಬೇಡವೋ ತಿಳಿಯದೆ ನಾನು ಫ್ಯಾನು ನೋಡಿದೆ. ಅಂಕಿ ಸರ್‌ಗೆ ನನ್ನ ಮೇಲೆ ಕರುಣೆ ಬಂದಿರಬೇಕು. ಆ ಓಣಿಯನ್ನು ತೆಗೆದುಬಿಟ್ಟರೆ ಉಳಿದ ಓಣಿಗಳ ಮೇಲೆ ಪ್ರಬಂಧ ನಿಲ್ಲುತ್ತದೆ, ಹುಡುಗನ ವರ್ಷ ಉಳಿಯುತ್ತದೆ ಎಂದರು. ನಾನು ಅವರ ಕಾಲು ಹಿಡಿಯುವುದೊಂದು ಬಾಕಿ.

"ಕಾಗದದಾಗಿಂದ ತಗದ್ರ ಓಣಿ ಹೊಳಿ ದಂಡಿಯಿಂದ ಏಳತೈತೇನ್ರಿ ಸರ್?" ಎಂದರು ಅಕ್ಕೋರು. "ನೀರು ಮೊದಲ ಬರೂದು ಅಲ್ಲೇ. ಅದನ್ನ ತಗದು ಉಳದದ್ದರ ಮ್ಯಾಲ ಏನ್ ಬರೀತಾನ ಇಂವ?" ನನ್ನ ಕಡೆ ತಿರುಗಿದರು. ದನಿ ಏರಿರಲಿಲ್ಲ, ಕೈ ಮಾತ್ರ ಸೆರಗಿನ ಅಂಚನ್ನು ಸುತ್ತುತ್ತಿತ್ತು. "ಇದಕ್ಕ ನಾ ಸಹಿ ಮಾಡಿದೆ ಅಂತ ತಿಳಕೋ. ನಾಳೆ ಯಾರರೆ ಓದತಾರ. ಈ ಮಂದಿ ಬಾಗಲಿಗೆ ನೀರು ಬಂದ ಮ್ಯಾಲ ಏಳ್ತಾರಂತ, ಮಂದಿ ಒಯ್ಯೂ ಟ್ರ್ಯಾಕ್ಟರ್ ಸಾವಕಾಶ ಕಳಸೂಣು ಅಂತಾರ. ಆವಾಗ ನಾ ರೋಣದಾಗ ಮನ್ಯಾಗ ಕುಂತು ಯಾ ಬೀಗ ಜಗ್ಗಿ ನೋಡ್ಲಿ?"

ನಾನು ಬಣ್ಣದ ರೊಟ್ಟಿಯ ಚಿತ್ರವನ್ನು ಮಡಚಿ ಚೀಲಕ್ಕೆ ಹಾಕಿಕೊಂಡೆ.

ಮರುದಿನ ಅಕ್ಕೋರು ನನ್ನ ಗಾಡಿಯ ಹಿಂದೆ ಒಂದೇ ಕಡೆ ಕಾಲು ಬಿಟ್ಟು ಕುಳಿತು, ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ನನ್ನ ಅಂಗಿಯ ಕಾಲರು ಹಿಡಿದು ಹೊಳೆಮಣ್ಣೂರಿಗೆ ಬಂದರು. "ಸಾವಕಾಶ, ಸಾವಕಾಶ, ತಗ್ಗು ಐತಿ" ಎನ್ನುತ್ತಲೇ ಇದ್ದರು; ತಗ್ಗು ಬಂದಾಗ ಕಾಲರು ಬಿಗಿಯುತ್ತಿತ್ತು. ಮೋಡ ಕಟ್ಟಿತ್ತು.

ಮುದುಕಿ ನನ್ನನ್ನು ದೂರದಿಂದಲೇ ಗುರುತು ಹಿಡಿದಳು. "ಬಂದ್ಯಾ, ನನ್ನ ಬಾಯಿ ಓಣಿ ತುಂಬಾ ಹಂಚಿ ಹೋದಾವಾ! ನನ್ನ ಮುಂದ ಒಂದಿಷ್ಟು ಮಾಡು, ನಾನೂ ನೋಡ್ತೀನಿ."

ನಾನು ಕೈ ಮುಗಿದು ಕಟ್ಟೆಯ ಮೂಲೆಗೆ ಕುಳಿತೆ. ಅಕ್ಕೋರು ಹೊಳೆಯ ಮಾತೇ ತೆಗೆಯಲಿಲ್ಲ. ಮೊಣಕಾಲಿಗೆ ಏನು ಹಚ್ಚುತ್ತೀರಿ ಎಂದರು. ಮೊಮ್ಮಕ್ಕಳ ಶಾಲೆ ಎಂದರು. ಆಕೆ ಕೊಟ್ಟ ಚಹಾ ಪೂರ್ತಿ ಕುಡಿದರು. ಆಮೇಲೆ, ನೆನಪಾಯಿತು ಎನ್ನುವ ಹಾಗೆ, "ಹಿಂದ ಹೊಳಿ ಬಂತಲ್ಲರಿ, ಆವತ್ತ ಮುಂಜಾನಿಂದ ಏನೇನ್ ಮಾಡಿದ್ರಿ?" ಎಂದರು.

"ಏನ್ ಮಾಡೂದು? ರೊಟ್ಟಿ ಬಡದೆ."

"ಮತ್ತ?"

"ಬುಟ್ಟಿ ತುಂಬಾ ಬಡದೆ. ನೀರು ಬಿಟ್ಟಾರಂತ ಸುದ್ದಿ ಬಂತಂದ್ರ ಮೊದಲ ರೊಟ್ಟಿನ. ಹೊರಗ ಹೋದ ಮ್ಯಾಲ ಒಲಿ ಯಾರದು, ಹಿಟ್ಟು ಯಾರದು? ವಾರಗಟ್ಲೆ ಕೆಡಲಾರದ ಕಟಕ ರೊಟ್ಟಿ ಮಾಡಿ ಅರಿವ್ಯಾಗ ಕಟ್ಟಿದ್ವಿ ಅಂದ್ರ ಮನಿ ಎದ್ದಂಗ."

ಅಕ್ಕೋರು ಕನ್ನಡಕ ಒರೆಸುತ್ತಿದ್ದರು. "ಮತ್ತ?"

"ಮತ್ತೇನು, ಟ್ರ್ಯಾಕ್ಟರ್ ಬಂತು. ಎಲ್ಲಾರಕ್ಕಿಂತ ಮೊದಲ ನಾನ ಹತ್ತಿ ಕುಂತೆ. ಮೊಣಕಾಲು ಬ್ಯಾನಿ ನೋಡ್ರಿ, ಮುಂದಿನ ಜಾಗಾನ ಬೇಕು ನನಗ."

ನನಗೆ ತಡೆಯಲಾಗಲಿಲ್ಲ. "ಯವ್ವಾ! ಹೊಳಿ ಹೊಸ್ತಲಾ ಮುಟ್ಟೂತನಾ ಏಳೂದಿಲ್ಲ ಅಂದಿದ್ದೆಲ್ಲಬೇ!"

"ನೀ ಹಲ್ಲು ಕಿಸ್ಕೊಂಡು ಕೇಳಾಕತ್ತಿದ್ದಿ. ಅಂಜಿ ಓಡ್ತೀನಿ ಅಂತ ನಿನ್ನಂಥಾ ಪೋರನ ಮುಂದ ಯಾಕ ಹೇಳ್ಲಿ?"

ಹಿಂದಿರುಗುವಾಗ ತಗ್ಗು ಬಂದರೂ ಕಾಲರು ಬಿಗಿಯಲಿಲ್ಲ. ರೋಣದ ಹತ್ತಿರ ಬಂದಾಗ ಬೆನ್ನ ಹಿಂದಿನಿಂದ ದನಿ ಬಂತು. "ನಮ್ಮ ಪ್ರಶ್ನಾವಳ್ಯಾಗ ರೊಟ್ಟಿ ಇಲ್ಲಲೇ."

ರೊಟ್ಟಿಯ ಸುದ್ದಿ ಕೇಳಿ ಅಂಕಿ ಸರ್ ಕುರ್ಚಿಯಿಂದ ಎದ್ದೇಬಿಟ್ಟರು. ಇದು ಒಬ್ಬ ಮುದುಕಿಯ ಪದ್ಧತಿಯೋ ಓಣಿಯ ಪದ್ಧತಿಯೋ ತಿಳಿಯಬೇಕಾದರೆ ಮತ್ತೆ ಎಲ್ಲರನ್ನೂ ಕೇಳಬೇಕು, ಎಣಿಸಬೇಕು ಎಂದರು. ಅಕ್ಕೋರು ಒಪ್ಪಿದರು; ಆದರೆ "ಯಾವಾಗ ಮನಿ ಬಿಡ್ತೀರಿ?" ಎಂದು ಕೇಳಕೂಡದು, "ಹಿಂದಿನ ಸಲ ಏನು ಮಾಡಿದಿರಿ?" ಎಂದೇ ಕೇಳಬೇಕು ಎಂದರು. ಸಾಲು ಹಿಡಿದು ಹೋಗಕೂಡದು, ಚೀಟಿ ಎತ್ತಿ ಬಂದ ಮನೆಗೆ ಹೋಗಬೇಕು, ಆಗ ಮಾತು ಮನೆಯಿಂದ ಮನೆಗೆ ಹರಿಯುವುದಿಲ್ಲ ಎಂದು ಅಂಕಿ ಸರ್ ಕಟ್ಟಳೆ ಹಾಕಿದರು. ಕಡೆಗೆ ಇಬ್ಬರೂ ನನ್ನ ಮುಖ ನೋಡಿದರು.

"ಬಾಯಿ ಪ್ರಶ್ನೆ ಓದಾಕಷ್ಟ" ಎಂದರು ಅಕ್ಕೋರು.

ನಿವೃತ್ತಿಗೆ ದಿನಗಳು ಕರಗುತ್ತಿದ್ದವು. ನಮ್ಮ ಪರೀಕ್ಷೆಗಳು ಎಂದೂ ಹೊತ್ತಿಗೆ ನಡೆದಿಲ್ಲವಾದ್ದರಿಂದ ವೈವಾ ಮಳೆಗಾಲಕ್ಕೇ ಬಂದು ಕುಳಿತಿತ್ತು. ನಾನು ಬಾಯಿಗೆ ಹೊಲಿಗೆ ಹಾಕಿಕೊಂಡು ಓಣಿ ತಿರುಗಿದೆ. "ಮಾಡಿ ತೋರಸಪಾ" ಎಂದು ಮಕ್ಕಳು ಬೆನ್ನು ಹತ್ತಿದರೆ ಬಾಗಿಲು ಮುಂದೆ ಮಾಡಿಸಿ ಕೇಳಿದೆ. ಮನೆ ಮನೆಗೂ ಉತ್ತರ ಬೇರೆ ಬೇರೆಯಾಗಿ ಬರತೊಡಗಿತು. ಒಬ್ಬರು ಮೊದಲು ಕೂಸುಗಳನ್ನು ಬೀಗರ ಊರಿಗೆ ಕಳಿಸಿದ್ದರು, ಒಬ್ಬರು ಎಮ್ಮೆ ಹೊಡೆದುಕೊಂಡು ಹೋಗಿದ್ದರು, ಒಬ್ಬರು ಹೋಗಿಯೇ ಇರಲಿಲ್ಲ. ರೊಟ್ಟಿ ಮಾತ್ರ ಬಹಳ ಮನೆಗಳಲ್ಲಿತ್ತು. ಕೋಷ್ಟಕ ಕೊಳಕಾಗುತ್ತ ಹೋದಷ್ಟೂ ನನಗೆ ಉಸಿರು ಬರುತ್ತಿತ್ತು.

ಇನ್ನೂ ಕೆಲವು ಮನೆ ಬಾಕಿ ಇದ್ದವು. ಮಧ್ಯಾಹ್ನ, ಊಟ ಮುಗಿದು ಓಣಿ ಮಲಗುವ ಹೊತ್ತು. ಒಂದು ಮನೆಯ ಕಟ್ಟೆಯ ಮೇಲೆ ಕುಳಿತು ಕಾಗದ ಸರಿಮಾಡಿಕೊಳ್ಳುತ್ತಿದ್ದೆ. ಒಳಗೆ ರೊಟ್ಟಿ ಬಡಿಯುವ ಸಪ್ಪಳ ಶುರುವಾಯಿತು. ಈ ಹೊತ್ತಿನಲ್ಲಿ ಎಂಥ ಹಸಿವೆ ಇವರಿಗೆ ಎಂದು ಮನಸ್ಸಿನಲ್ಲೇ ನಕ್ಕೆ. ಎದುರು ಮನೆಯಿಂದಲೂ ಬಂತು. ಅದರ ಪಕ್ಕದ ಮನೆಯಿಂದಲೂ. ನೋಡನೋಡುತ್ತಿದ್ದ ಹಾಗೆ ಓಣಿಯ ಎರಡೂ ಬದಿ ಪಟಪಟ ಪಟಪಟ, ಮಾಡುಗಳ ಮೇಲೆ ಹೊಗೆ. ಮುದುಕಿ ಅಂದದ್ದು ನೆನಪಾಗಿ ದಿಗ್ಗನೆ ಎದ್ದು ನಿಂತೆ. ಯಾರೂ ಓಡುತ್ತಿರಲಿಲ್ಲ, ಯಾರೂ ಚೀರುತ್ತಿರಲಿಲ್ಲ. ಬರೀ ಆ ಸಪ್ಪಳ.

ಫೋನು ಹಚ್ಚಿದೆ. "ಅಕ್ಕೋರ, ಎಲ್ಲಾ ಮನ್ಯಾಗ ರೊಟ್ಟಿ ಬಡಿಯಾಕತ್ತಾರ್ರಿ. ಇನ್ನ ಒಂದಿಷ್ಟು ಮನಿ ಬಾಕಿ ಅದಾವ್ರಿ. ಕೇಳೂದು ಮುಗಸ್ಲೇನ್ರಿ?"

"ಹುಚ್ಚ ಅದಿಯೇನು? ಕಾಗದ ಚೀಲದಾಗ ಹಾಕು. ಯಾರದರೆ ಎಮ್ಮಿ ಹಗ್ಗಾ ಹಿಡಿ. ಆ ಅವ್ವನ್ನ ಎತ್ತಿ ಟ್ರ್ಯಾಕ್ಟರಿನಾಗ ಕುಂಡ್ರಸು. ನಿನಗ ಈಜು ಬರತೈತೇನು?"

"ಇಲ್ರಿ."

"ಹಂಗಾರ ಲಗೂ ಮಾಡಲೇ!"

ಅವ್ವನನ್ನು ಎತ್ತಬೇಕಾಗಲಿಲ್ಲ. ಟ್ರ್ಯಾಕ್ಟರ್ ಬರುವ ಮೊದಲೇ ಆಕೆ ಗಂಟು ಮಡಿಲಲ್ಲಿಟ್ಟುಕೊಂಡು ರಸ್ತೆಗೆ ಬಂದು ಕುಳಿತಿದ್ದಳು. ನಾನು ಒಂದು ಎಮ್ಮೆಯನ್ನು ಎಳೆದೆನೋ ಎಮ್ಮೆ ನನ್ನನ್ನು ಎಳೆಯಿತೋ, ಅಂತೂ ಇಬ್ಬರೂ ಎತ್ತರದ ಜಾಗ ಮುಟ್ಟಿದೆವು. ನೀರು ಆ ಸಲ ಓಣಿಯ ಬಾಯಿಯವರೆಗೆ ಬಂದು ನಿಂತು, ಇಳಿದುಹೋಯಿತು. ಯಾರಿಗೂ ಏನೂ ಆಗಲಿಲ್ಲ. ಅಕ್ಕೋರು ಅಷ್ಟರಲ್ಲಿ ಫೋನು ಮಾಡಿ ಮಾಡಿ ನನ್ನ ಬ್ಯಾಟರಿ ಮುಗಿಸಿದ್ದರು.

ಜನ ಗಂಟುಮೂಟೆ ಮತ್ತೆ ಮನೆಗೆ ಹೊತ್ತು ಹಾಕುವುದರಲ್ಲಿದ್ದರು. ಉಳಿದ ಮನೆಗಳನ್ನು ಕೇಳಲು ಹೋಗುವ ಮುಖ ನನಗಿರಲಿಲ್ಲ, ಅಕ್ಕೋರೂ ಬಿಡಲಿಲ್ಲ. ಹೀಗೆ ಎರಡನೆಯ ಸುತ್ತು ಅರ್ಧಕ್ಕೇ ನಿಂತಿತು. ಸಿಕ್ಕಷ್ಟನ್ನೇ ಬರೆಯಬೇಕು, ಸಿಗದ್ದನ್ನು ಸಿಕ್ಕಿಲ್ಲ ಎಂದೇ ಬರೆಯಬೇಕು ಎಂದರು. ಅದಕ್ಕೂ ಮೊದಲು ಒಂದು ಅಧ್ಯಾಯ ಇರಬೇಕು: ಮೊದಲ ಸುತ್ತಿನಲ್ಲಿ ನಾನು ಏನು ಮಾಡಿದೆ, ಅದರಿಂದ ಓಣಿಯ ಉತ್ತರ ಹೇಗೆ ಒಂದೇ ಆಯಿತು, ಕೋಷ್ಟಕದ ಸಮೇತ.

"ಅಕ್ಕೋರ, ಇದನ್ನ ಬರದ್ರ ನನ್ನ ಪಾಸ್ ಮಾಡ್ತಾರೇನ್ರಿ?"

"ಗೊತ್ತಿಲ್ಲ." ಖರೆ ಹೇಳುತ್ತಿದ್ದರು; ಅವರ ಮುಖದಲ್ಲೂ ಅಂಜಿಕೆ ಇತ್ತು. "ಬರೀಲಿಲ್ಲಂದ್ರ ನಾ ಸಹಿ ಮಾಡೂದಿಲ್ಲ. ಅದು ಗೊತ್ತೈತಿ."

ಬರೆದೆ. ಸಹಿ ಮಾಡಿದರು. ಅವತ್ತು ಕೋಣೆಯ ಬೀಗವನ್ನು ಜಗ್ಗಿದ್ದಕ್ಕೆ ಲೆಕ್ಕವಿಲ್ಲ.

ಅವರ ನಿವೃತ್ತಿಯ ವಾರದಲ್ಲೇ ವೈವಾ. ಹೊರಗಿನ ಪರೀಕ್ಷಕರು ಹಿರಿಯರು, ನಗುವುದನ್ನು ಬಿಟ್ಟು ಬಹಳ ವರ್ಷವಾದಂಥ ಮುಖ. ಮಾರ್ಗದರ್ಶಕರು ಬಾಯಿ ಹಾಕುವ ಹಾಗಿಲ್ಲವೆಂದು ಅಕ್ಕೋರು ಗೋಡೆಗೆ ಅಂಟಿ ಕುಳಿತಿದ್ದರು, ಪಕ್ಕದಲ್ಲಿ ಅಂಕಿ ಸರ್. ಪರೀಕ್ಷಕರು ಹಾಳೆ ತಿರುವುತ್ತ ಹೋದರು. ಎರಡನೆಯ ಸುತ್ತು ಅರ್ಧಕ್ಕೆ ಏಕೆ ನಿಂತಿತು ಎಂದರು. ಹೊಳಿ ಬಂತ್ರಿ ಎಂದೆ. ಹ್ಞೂಂ ಎಂದರು. ಆ ಅಧ್ಯಾಯಕ್ಕೆ ಬಂದು ನಿಂತರು. ಓದಿದರು. ಹಿಂದಿನ ಪುಟಕ್ಕೆ ಹೋಗಿ ಮತ್ತೆ ಓದಿದರು. ನನಗೆ ಹುಬ್ಬಳ್ಳಿಯ ಕೆಲಸ ಕೈಬಿಟ್ಟು ಹೋಗುವುದು, ನಮ್ಮವ್ವ ಓಣಿಯಲ್ಲಿ ತಲೆ ತಗ್ಗಿಸಿ ನೀರು ತರುವುದು ಕಣ್ಣಿಗೆ ಕಟ್ಟಿತು.

"ಸಂಶೋಧನಾ ವಿಧಾನ ಮೂರು ಅಂತ ಮುನ್ನುಡಿಯೊಳಗೆ ಬರೆದಿದ್ದೀಯಾ. ಪರಿಮಾಣಾತ್ಮಕ, ಗುಣಾತ್ಮಕ, ಮಿಶ್ರ. ಒಪ್ಪಿದೆ" ಎಂದರು. ಕನ್ನಡಕದ ಮೇಲಿನಿಂದ ನೋಡಿದರು. "ಈ ಅಧ್ಯಾಯದೊಳಗೆ ನಿನ್ನ ಹುಚ್ಚುತನ ಬರೆದಿದ್ದೀಯಲ್ಲಪಾ, ಅದು ಯಾವ ವಿಧಾನದೊಳಗೆ ಬರುತ್ತದೆ?"

ನಾನು ಮುನ್ನುಡಿ ತೆರೆದು ಆ ಮೂರು ವಿಧಾನಗಳ ಸಾಲನ್ನೇ ಮತ್ತೆ ಹುಡುಕತೊಡಗಿದೆ. ಗೋಡೆಯ ಕಡೆಯಿಂದ, ನಿಯಮ ಮುರಿದು, ಅಕ್ಕೋರು ಎದ್ದು ನಿಂತರು. ಅವರು ಹೇಳಿದ್ದನ್ನು ಕೇಳಿ ಪರೀಕ್ಷಕರು ತುಟಿ ಬಿಗಿಹಿಡಿದು ಒಂದು ಗಳಿಗೆ ತಡೆದರು, ಆಮೇಲೆ ತಡೆಯಲಾಗದೆ ಹೊಟ್ಟೆ ಹಿಡಿದುಕೊಂಡು ನಕ್ಕರು, ಇನ್ನೊಂದು ಪ್ರಶ್ನೆ ಕೇಳದೆ ಪೆನ್ನು ತೆರೆದು ಪಾಸಿನ ಅಂಕ ಬರೆದರು. ಅಕ್ಕೋರು ಅಂದದ್ದು ಇಷ್ಟು:

"ಎರಡರಾಗೂ ಬರತೈತ್ರಿ ಸರ್. ಎಷ್ಟು ಹುಚ್ಚ ಅನ್ನೂದಕ್ಕ ಕೋಷ್ಟಕ ನೋಡ್ರಿ, ಎಂಥಾ ಹುಚ್ಚ ಅನ್ನೂದಕ್ಕ ರೆಕಾರ್ಡಿಂಗ್ ಕೇಳ್ರಿ."